ಪಟ್ಟಿಯಲ್ಲಿ ಬಿಟ್ಟ ಹೆಸರು

ಅವರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಎದುರಿಗೆ ಬಂದವರ ಕತ್ತಿಗೆ, ಕಿವಿಯ ಸ್ವಲ್ಪ ಕೆಳಗೆ, ಬಲಗೈಯ ಹಿಂಬದಿಯನ್ನಿಟ್ಟು ನಾಲ್ಕೈದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಒಣಗಿದ ಕೈ, ಗಂಟುಗಂಟಾದ ಬೆರಳು, ನೀಲಗಿರಿ ಎಣ್ಣೆಯ ವಾಸನೆ. ಜ್ವರ ನೋಡುತ್ತಿದ್ದಾರೋ ಆಶೀರ್ವಾದ ಮಾಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಗದಗದ ಕಡೆಯ ಮಿಷನ್ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು, ಆದ್ದರಿಂದ ಸಿಸ್ಟರ್. ಅಮೆರಿಕದ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿರುವ ಮಗಳ ಮನೆಗೆ ಬಂದ ಮೇಲೆ ಜೊತೆಗೆ ಆಂಟಿಯೂ ಸೇರಿಕೊಂಡಿತು. ನಮ್ಮ ಪಾಲಿಗೆ ಅವರು ಕೊನೆಯವರೆಗೂ ಸಿಸ್ಟರ್ ಆಂಟಿ.

ನಮ್ಮದು ಇಪ್ಪತ್ತು ಚಿಲ್ಲರೆ ಕುಟುಂಬಗಳ ಕನ್ನಡ ಸಭೆ. ಮೈಸೂರಿನವರು, ಹುಬ್ಬಳ್ಳಿಯವರು, ಮಂಗಳೂರಿನವರು, ಕೋಲಾರದ ಒಂದೆರಡು ಮನೆ. ಫಾರ್ಮರ್ಸ್ ಬ್ರಾಂಚ್‌ನಲ್ಲಿ ಅಮೆರಿಕನ್ನರ ಚರ್ಚೊಂದರ ಹಿಂದಿನ ಹಾಲ್‌ನಲ್ಲಿ, ಅವರದೆಲ್ಲ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಆರಾಧನೆ. ಮೂರು ಅಂದರೆ ಮೂರೂವರೆಗೆ ಮೊದಲ ಕಾರು ಬರುತ್ತಿತ್ತು. ಪಾಸ್ಟರ್ ಇದ್ದದ್ದು ಆಸ್ಟಿನ್‌ನಲ್ಲಿ. ಅವರು ಹದಿನೈದು ದಿನಕ್ಕೊಮ್ಮೆ ಮೂರು ಗಂಟೆ ಡ್ರೈವ್ ಮಾಡಿ ಬಂದು ಪ್ರಸಂಗ ಮಾಡಿದರೆ, ಕೊನೆಯ ಆಶೀರ್ವಚನಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಮಕ್ಕಳ ಸಾಕರ್, ಸೋಮವಾರದ ಆಫೀಸು, ಟ್ರಾಫಿಕ್ಕು. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಪ್ರಾರ್ಥನೆ ಕೇಳಿದರೆ ಸಾಕು, ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬೀಳುತ್ತಿದ್ದವು. ಎಲ್ಲರಿಗಿಂತ ಮೊದಲ ಚಿತ್ರ ನನ್ನದು. ನಾನು ಸಭೆಯ ಕಾರ್ಯದರ್ಶಿ. ಎಲ್‌ಬಿಜೆ ರಸ್ತೆಯ ಪಕ್ಕದ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮ್ ಫೈಲುಗಳನ್ನು ಮುಗಿಸಿ ಮುಚ್ಚುವುದೇ ನನ್ನ ಹೊಟ್ಟೆಪಾಡು, ಪ್ರಾರ್ಥನೆಯನ್ನೂ ಹಾಗೇ ಮುಗಿಸುತ್ತಿದ್ದೆ.

ಸಿಸ್ಟರ್ ಆಂಟಿಗೆ ಕಣ್ಣು ಮಂದ, ಫೋನಿನ ಪರದೆ ಓದಲಾಗುತ್ತಿರಲಿಲ್ಲ. ಅದಕ್ಕೇ ಪ್ರಾರ್ಥನೆ ಕೇಳಿದವರ ಹೆಸರು, ಕಾರಣ, ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಪ್ರತಿ ಭಾನುವಾರ ಅವರ ಕೈಗೆ ಕೊಡುವ ಕೆಲಸ ನನ್ನದಾಗಿತ್ತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಂಕಿ ಒತ್ತಿ, ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ವಿಚಾರಿಸದೆ ಯಾರಿಗಾಗಿಯೂ ಮೊಣಕಾಲೂರುತ್ತಿರಲಿಲ್ಲ.

"ಹೆಸರಷ್ಟ ಹೇಳಿದ್ರ ದೇವರಿಗೆ ಗೊತ್ತಾಗ್ತದ, ಖರೆ. ನನಗ ಗೊತ್ತಾಗೂದು ಬ್ಯಾಡೇನು?" ಎನ್ನುತ್ತಿದ್ದರು.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ಉಂಡ್ರೇನ್ರೀ?" ಆಮೇಲೆ ಗುಳಿಗೆ, ನಿದ್ದೆ, ಮನೆಯಲ್ಲಿ ಜಗಳವಿದ್ದರೆ ಜಗಳ. ಎಲ್ಲ ಕೇಳಿಯಾದ ಮೇಲೆ ಪ್ರಾರ್ಥನೆ, ಅದು ಎರಡೇ ನಿಮಿಷ. ಪಟ್ಟಿಯಿಂದ ಯಾರದಾದರೂ ಹೆಸರು ಹೋದರೆ ಅವರಿಗೆ ಗುಣವಾಯಿತೆಂದು ತಿಳಿದು, ಮುಂದಿನ ಭಾನುವಾರ, ದೇವರು ಮಾಡಿದ್ದನ್ನು ಎಲ್ಲರೆದುರು ಹೇಳಿಕೊಳ್ಳುವ ಸಾಕ್ಷಿಯ ಹೊತ್ತಿಗೆ, ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮೊಮ್ಮಗಳಿಗೆ ಇದೆಲ್ಲ ನಗು. "ಅಜ್ಜಿ, ಯು ಆರ್ ಸ್ಟಿಲ್ ಆನ್ ಡ್ಯೂಟಿ," ಎಂದು ರೇಗಿಸುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅದು.

ನಮ್ಮ ಕೀಬೋರ್ಡ್ ನುಡಿಸುತ್ತಿದ್ದವನು ಕೆಲಸಕ್ಕೆಂದು ಹೂಸ್ಟನ್ನಿನ ಸೈಪ್ರೆಸ್‌ಗೆ ಶಿಫ್ಟ್ ಆಗಿದ್ದ. ನಲವತ್ತರ ಹತ್ತಿರದ ಒಂಟಿ ಮನುಷ್ಯ, ಮೈಸೂರಿನವನು, ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಆಂಟಿ ಕೀಬೋರ್ಡನ್ನು ಪೇಟಿ ಎನ್ನುತ್ತಿದ್ದರು, ಅವನನ್ನು ಪೇಟಿ ತಮ್ಮ. ಹೋದ ಕೆಲವೇ ತಿಂಗಳಲ್ಲಿ ಅವನ ಆ ಕೆಲಸವೂ ಹೋಯಿತು. ಗುಂಪಿಗೆ ವಾರವಾರವೂ ಅದೇ ಒಂದು ಸಾಲು ಕಳಿಸುತ್ತಿದ್ದ: ಆರೋಗ್ಯಕ್ಕಾಗಿ ಪ್ರಾರ್ಥಿಸಿ. ನಾವು ಕೈಮುಗಿಯುತ್ತಿದ್ದೆವು. ಫೋನ್ ಮಾಡುತ್ತಿದ್ದವರು ಆಂಟಿ ಒಬ್ಬರೇ. ಅವರಿಗೂ ಅವನು ಪರವಾಗಿಲ್ಲ ಆಂಟಿ ಎಂಬುದರ ಆಚೆಗೆ ಏನೂ ಹೇಳುತ್ತಿರಲಿಲ್ಲವಂತೆ.

"ಆ ತಮ್ಮನ ದನಿ ಒಣಗೇದ," ಎಂದರು ಒಂದು ಭಾನುವಾರ. "ಏನೋ ಮುಚ್ಚಿಡ್ಲಿಕ್ಕತ್ತಾನ. ಮುಂದಿನ ವಾರ ಬಿಡಂಗಿಲ್ಲ, ಬಾಯಿ ಬಿಡಸ್ತೀನಿ."

ಆ ಮುಂದಿನ ವಾರವೇ ನಮ್ಮ ಉಜ್ಜೀವನ ಕೂಟ. ಸಭೆ ಉಗುರುಬೆಚ್ಚಗಾಗಿದೆ, ಮತ್ತೆ ಬೆಂಕಿ ಹತ್ತಿಸಬೇಕು ಎಂದು ಕಮಿಟಿ ಆರು ಸಲ ಕೂತು ಎದ್ದು ಮಾಡಿದ ತೀರ್ಮಾನ. ಮೂರು ದಿನ, ಹೊರಗಿನಿಂದ ಬಂದ ಬೋಧಕರು, ಡ್ರಮ್ಸು, ಬಣ್ಣದ ಲೈಟು. ಆಂಟಿ ಮೊದಲೇ ಗೇಲಿ ಮಾಡಿದ್ದರು. "ಒಲಿ ಹತ್ತಬೇಕಂದ್ರ ಊದಬೇಕು ತಮ್ಮಾ. ಕಣ್ಣಾಗ ಹೊಗಿ ಹೋಗ್ತದ, ಹೋಗ್ಲಿ. ಊದೂದು ಬಿಟ್ಟು, ಯಾಕ ಹತ್ತವಲ್ದು ಅಂತ ಮೀಟಿಂಗ್ ಮಾಡಿದ್ರ ಹತ್ತತೈತೇನು?"

ಕೊನೆಯ ದಿನದ ಕಾರ್ಯಕ್ರಮ ಒಂದು ಪುಟ ತುಂಬಿತು. ಅವತ್ತಿಗೆ ಬೇರೆ ಹಾಳೆ ಬೇಡವೆಂದು ಅದರ ಹಿಂಬದಿಯಲ್ಲೇ ಪ್ರಾರ್ಥನೆಯ ಪಟ್ಟಿ ಹಿಡಿಸಬೇಕಿತ್ತು, ಹಿಡಿಸಲಿಲ್ಲ. ಹಳೆಯವು, ವಾರವಾರವೂ ಅದೇ ಇರುವವು ಎಂದು ನಾಲ್ಕು ಹೆಸರು ತೆಗೆದೆ. ಪೇಟಿ ತಮ್ಮನದು ಅದರಲ್ಲಿ ಒಂದು. ತೆಗೆಯುವಾಗ ಮನಸ್ಸಿಗೆ ಏನೂ ಅನ್ನಿಸಲಿಲ್ಲ.

ಭಾನುವಾರ ನಾನು ಮೈಕಿನ ವೈರು ಎಳೆಯುತ್ತಿದ್ದಾಗ ಆಂಟಿ ಹಾಳೆ ಹಿಡಿದುಕೊಂಡು ಬಂದರು. "ಅಲ್ಲೋ ತಮ್ಮಾ, ಪೇಟಿ ತಮ್ಮನ ಹೆಸರ ಇಲ್ಲ. ಗುಣ ಆತೇನು?"

"ಹೂಂ ಆಂಟಿ," ಎಂದೆ.

ಅಷ್ಟೇ. ಜಾಗ ಸಾಲಲಿಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸಾಕ್ಷಿಯ ಸಮಯದಲ್ಲಿ ಅವರು ಎದ್ದು, ಪೇಟಿ ತಮ್ಮಗ ಗುಣ ಆಗೇದ, ದೇವರಿಗೆ ಸ್ತೋತ್ರ ಎಂದರು. ಸಭೆಯೆಲ್ಲ ಆಮೆನ್ ಎಂದಿತು, ನಾನೂ ಎಂದೆ. ಅವತ್ತು ಬೋಧಕರು ಪಶ್ಚಾತ್ತಾಪಕ್ಕೆ ಕರೆದಾಗ ಎಷ್ಟೋ ಜನ ಮುಂದೆ ಹೋಗಿ ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು, ನನಗೂ ಬೆಂಕಿ ಹತ್ತಿತು ಅಂದುಕೊಂಡೆ. ಥೂ.

ಗುಣವಾಯಿತು ಅಂದ ಮೇಲೆ ಮರುವಾರದ ಪಟ್ಟಿಗೂ ಅವನ ಹೆಸರು ಹಾಕಲಿಲ್ಲ. ಎರಡು ವಾರದೊಳಗೆ ಸುದ್ದಿ ಬಂತು. ಮೈಸೂರಿನಿಂದ ಅವನ ಅಕ್ಕ ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲವೆಂದು ಅಪಾರ್ಟ್‌ಮೆಂಟಿನವರು ಬಾಗಿಲು ತೆಗೆದಿದ್ದರು. ಜೀವ ಹೋಗಿ ಎರಡು ದಿನವಾಗಿತ್ತು. ಕೆಲಸದ ಜೊತೆಗೆ ಇನ್ಶೂರೆನ್ಸೂ ಹೋಗಿ, ಇನ್ಸುಲಿನ್ನನ್ನು ಅರ್ಧರ್ಧ ಚುಚ್ಚಿಕೊಂಡು ದಿನ ದೂಡಿದ್ದಾನೆ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತಿರುವ ನಾನು ಅದನ್ನೊಂದು ಮಾತು ಕೇಳಿರಲಿಲ್ಲ.

ಮಣ್ಣಿಗೆ ಸಿಸ್ಟರ್ ಆಂಟಿಯನ್ನು ಹೂಸ್ಟನ್ನಿಗೆ ನಾನೇ ಕರೆದುಕೊಂಡು ಹೋದೆ. ಡಲ್ಲಾಸ್‌ನಿಂದ ನಾವು ಏಳು ಮಂದಿ. ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ.

"ಗುಣ ಆಗೇದ ಅಂದಿದ್ದಿ," ಎಂದರು.

ಹೇಳಿಬಿಟ್ಟೆ. ಪುಟದಲ್ಲಿ ಜಾಗ ಸಾಲದ್ದು, ಹೆಸರು ತೆಗೆದದ್ದು, ಹೂಂ ಅಂದದ್ದು. ಅವರು ಬೈಯುತ್ತಾರೆ ಅಂದುಕೊಂಡೆ, ಬೈದರೆ ಸಾಕಿತ್ತು. ಅವರು ರಸ್ತೆ ನೋಡುತ್ತಲೇ ಹೇಳಿದರು. "ದೇವರ ಮುಂದ ನನ್ನ ಕಡಿಂದ ಸುಳ್ಳ ಸ್ತೋತ್ರ ಹೇಳಿಸಿದಿ. ಅವನ ಹೆಸರ ಪಟ್ಟಿಯಾಗ ಇದ್ದಿದ್ರ ಆ ಮಂಗಳವಾರ ನಾ ಅವನ ಬಾಯಿ ಬಿಡಸ್ತಿದ್ದೆ."

"ಆಂಟಿ, ಕ್ಷಮಿಸಿಬಿಡಿ."

"ಅದನ್ನ ಕೊಡಾಂವ ದೇವರು, ನಾ ಅಲ್ಲ."

ಮನೆ ಮುಂದೆ ಇಳಿಯುವಾಗ ಎಂದಿನಂತೆ ನನ್ನ ಕತ್ತಿಗೆ ಕೈ ಇಡಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡು, "ಮಂಗಳವಾರ ಹತ್ತಕ್ಕ ಬಾ. ಪಟ್ಟಿ ತಗೊಂಡ ಬಾ," ಎಂದರು.

ಅದಕ್ಕೂ ಮೊದಲು ಒಂದು ಭಾನುವಾರ ಕಳೆಯಬೇಕಿತ್ತು. ಅವತ್ತು ಅವರು ಸಾಕ್ಷಿಗೆ ಎದ್ದರು. "ನಾ ಹೇಳಿದ ಸ್ತೋತ್ರ ತಪ್ಪರೀ. ಅವಂಗ ಗುಣ ಆಗಿರಲಿಲ್ಲ. ನಾ ವಿಚಾರಸಲಿಲ್ಲ. ನಾವ್ಯಾರೂ ವಿಚಾರಸಲಿಲ್ಲ. ಕೈ ಮುಗದ್ವಿ ಅಷ್ಟ." ಕಮಿಟಿಯ ಅಧ್ಯಕ್ಷರು, "ಆಂಟಿ, ಇದು ಸ್ತೋತ್ರದ ಟೈಮ್, ಕೋರ್ಟಲ್ಲ," ಎಂದರು. ಆಂಟಿ ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಎದ್ದು ನಿಂತು ತಪ್ಪು ನನ್ನದು ಎನ್ನಲು ಅದೇ ಹೊತ್ತು. ಏಳಲಿಲ್ಲ. ಹೆಂಡತಿ ಪಕ್ಕದಲ್ಲಿದ್ದಳು, ಹಿಂದಿನ ಸಾಲಿನಲ್ಲಿ ಮಕ್ಕಳಿದ್ದರು, ನೆಲದ ಕಾರ್ಪೆಟ್ ನೋಡುತ್ತಾ ಕೂತೆ. ಆ ತಿಂಗಳು ಮೂರು ಕುಟುಂಬ ಬೇರೆ ಚರ್ಚಿಗೆ ಹೋದವು. ಆ ಮುದುಕಿಯ ಮಾತು ಮನಸ್ಸಿಗೆ ನೆಮ್ಮದಿ ಕೊಡುವುದಿಲ್ಲ ಎಂಬುದು ಅವರ ದೂರು. ಅದು ಸುಳ್ಳೇನಲ್ಲ.

ಮಂಗಳವಾರ ರಜೆ ಹಾಕಿ ಹೋದೆ. ಅವರು ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ನನ್ನ ಮುಂದೆ ತಳ್ಳಿ, "ಹಚ್ಚು," ಎಂದರು. ಹಚ್ಚಿದೆ. ಆ ಕಡೆಯವರು ಎತ್ತಿದ ಕೂಡಲೇ ಆಂಟಿ ಮೆಲ್ಲಗೆ, "ಉಂಡ್ರೇನು ಅಂತ ಕೇಳು," ಎಂದು ಹೇಳಿಕೊಟ್ಟರು. ಹೆಚ್ಚಿನವರು ಹೇಳಿಕೊಳ್ಳುವಂಥದ್ದೇನೂ ಹೇಳಲಿಲ್ಲ. ಕೆಲವರು ಮೀಟಿಂಗ್‌ನಲ್ಲಿದ್ದೇನೆ ಎಂದು ಇಟ್ಟರು. ಒಬ್ಬಾಕೆ ಮಾತ್ರ, ತಿಂಗಳಿನಿಂದ ಯಾರೂ ಕೇಳಿರಲಿಲ್ಲ ಎಂದು ಅತ್ತರು. ಸುಮಾರು ಒಂದೂವರೆ ವರ್ಷ ಹೀಗೇ ನಡೆಯಿತು, ಪಟ್ಟಿ ಎರಡು ಪುಟವಾಯಿತು. ನನಗೆ ಒಳಗೆ ಬೆಂಕಿ ಹತ್ತಿತು ಎಂದು ಹೇಳಲಾರೆ. ಒಮ್ಮೆ ಅದನ್ನೇ ಅವರ ಮುಂದೆ ಹೇಳಿಕೊಂಡೆ. "ಏನೂ ಅನ್ನಸಂಗಿಲ್ಲ ಅಂದ್ರ ಬಿಡ್ತಿಯೇನು? ನನಗೂ ಎಷ್ಟ ದಿನ ಏನೂ ಅನ್ನಸಿಲ್ಲ. ವಾರ್ಡಿಗೆ ಹೋಗೂದು ಬಿಟ್ಟಿದ್ದೆನೇನು?" ಎಂದು ಮುಂದಿನ ನಂಬರಿನ ಮೇಲೆ ಬೆರಳಿಟ್ಟರು. ಚಹಾ ಕೊಡುತ್ತಿದ್ದರು, ತಮಾಷೆ ಮಾಡುತ್ತಿದ್ದರು, ಸೆಕ್ರೆಟರಿ ಸಾಹೇಬ್ರ ಎಂದು ಛೇಡಿಸುತ್ತಿದ್ದರು. ಕತ್ತಿಗೆ ಕೈ ಮಾತ್ರ ಇಡಲಿಲ್ಲ. ನಾನೂ ಕೇಳಲಿಲ್ಲ.

ಪಾರ್ಶ್ವವಾಯು ಹೊಡೆದಾಗ ಅವರ ಎಡಭಾಗವೂ ಮಾತೂ ಒಟ್ಟಿಗೇ ಹೋದವು. ಮಂಗಳವಾರ ಹತ್ತಕ್ಕೆ ಆಸ್ಪತ್ರೆಗೆ ಪಟ್ಟಿ ಹಿಡಿದುಕೊಂಡು ಹೋದೆ. ಹಾಸಿಗೆಯ ಪಕ್ಕದಲ್ಲಿ ಕೂತು ಎಲ್ಲರಿಗೂ ಫೋನ್ ಹಚ್ಚಿದೆ, ಅವರಿಗೆ ಕೇಳಲೆಂದು ಸ್ಪೀಕರ್ ಹಾಕಿದೆ. ಕೊನೆಯ ಹೆಸರು ಮುಗಿದ ಮೇಲೆ ಅವರ ಬಲಗೈ ಹೊದಿಕೆಯ ಮೇಲೆ ಒಂಚೂರು ಅಲುಗಿತು. ಬಗ್ಗಿದೆ. ಬೆರಳಿನ ಹಿಂಬದಿ ನನ್ನ ಕತ್ತಿಗೆ ತಾಗಿತು. ಅವರೇ ಇಟ್ಟರೋ, ನಾನೇ ಕತ್ತು ಒಡ್ಡಿದೆನೋ, ಇವತ್ತಿಗೂ ಗೊತ್ತಿಲ್ಲ. ಕೈ ತಣ್ಣಗಿತ್ತು. ಗುರುವಾರ ಹೋಗಿಬಿಟ್ಟರು.

ಮಣ್ಣು ಮಾಡುವ ಮೊದಲು ನಾಲ್ಕು ಮಾತು ಹೇಳುವವರು ಹೇಳಬಹುದು ಎಂದರು ಪಾಸ್ಟರ್. ಎದ್ದೆ. ಉಜ್ಜೀವನ ಕೂಟದ ದಿನ ಆ ಹೆಸರನ್ನು ತೆಗೆದವನು ನಾನು, ಗುಣವಾಯಿತು ಎಂದು ಸುಳ್ಳು ಹೇಳಿದವನು ನಾನು, ಈ ತಾಯಿ ಎಲ್ಲರ ಮುಂದೆ ತಲೆತಗ್ಗಿಸಿ ನಿಂತಾಗ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ ಎಂದೆ. ಹೊರಗೆ ಕಾರಿನ ಹತ್ತಿರ ಅಧ್ಯಕ್ಷರು ನನ್ನ ಭುಜ ತಟ್ಟಿದರು. "ಡೋಂಟ್ ವರಿ ಬ್ರದರ್, ನಿಮಗೋಸ್ಕರ ಪ್ರೇ ಮಾಡ್ತೀವಿ."

ಆ ವಾರದ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನೂ ನಂಬರನ್ನೂ ಹಾಕಿ ಗುಂಪಿಗೆ ಕಳಿಸಿದೆ. ಕೈಮುಗಿದ ಚಿತ್ರಗಳು ಬಂದವು. ಮಂಗಳವಾರ ಹತ್ತಕ್ಕೆ ಒಬ್ಬನೇ ಕೂತು ಎರಡು ಪುಟವನ್ನೂ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಫೋನ್ ಕೆಳಗಿಡುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಆಸ್ಟಿನ್‌ನಿಂದ ಆಂಟಿಯ ಮೊಮ್ಮಗಳು, ಗುಂಪಿನ ಪಟ್ಟಿ ನೋಡಿ. ಅಜ್ಜಿಯ ಮಾತನ್ನು ತಡವರಿಸುತ್ತಾ ಹುಡುಕಿ ತೆಗೆದಳು.

"ಅಂಕಲ್, ಉಂಡ್ರೇನ್ರೀ?"

ಹೂಂ ಎನ್ನಲು ಬಾಯಿ ತೆರೆದಿದ್ದೆ.

"ಇಲ್ಲಮ್ಮ," ಎಂದೆ. "ಇನ್ನೂ ಇಲ್ಲ."