ಚೌಕಟ್ಟಿನ ಏಳನೆಯ ಗೆರೆ

ನನ್ನ ತಮ್ಮ ಕಟ್ಟುಹಲ್ಲು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಅದರ ಮೇಲೆ ಒಂದೊಂದೇ ಹಲ್ಲು ಕೂರಿಸುವ ಲ್ಯಾಬಿನ ಕೆಲಸಗಾರ. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಯಾರದೋ ದವಡೆ ನೋಯುತ್ತದೆ, ಹಾಗಾಗಿ ಅವನ ಕಣ್ಣೇ ಅಳತೆಗೋಲು. ಲ್ಯಾಬಿನವರು ಅವನನ್ನು ಮಿಲಿಮೀಟರ್ ಎಂದೇ ಕರೆಯುತ್ತಾರೆ. ಗೋಡೆಯ ಫೋಟೊ ಚೂರು ವಾಲಿದ್ದರೂ ಅವನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಇಂಥವನು ತನ್ನ ಸ್ವಂತ ಬದುಕಿನ ಅಳತೆಯಲ್ಲಿ ತಪ್ಪಿದ. ಪಕ್ಕದಲ್ಲಿ ನಿಂತು ನೋಡಿದವಳು ನಾನು, ಅವನ ಅಕ್ಕ.

ನಗರದಲ್ಲಿ ಅವನಿದ್ದದ್ದು ಮೂರನೇ ಮಹಡಿಯ ಒಂದೂವರೆ ಕೋಣೆಯಲ್ಲಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನ ಮಗಳನ್ನು ನಾವೆಲ್ಲ ಕರೆಯುವುದು ಗುಬ್ಬಿ ಎಂದು. ಅವಳಿಗಾಗ ನಾಲ್ಕೂವರೆ ವರ್ಷ. ಮಂಚದಿಂದ ಬಾಗಿಲಿಗೆ ಓಡಿದರೆ ಅವಳ ಓಟ ಮುಗಿಯುತ್ತಿತ್ತು. ಇವನಿಗೆ ಹಟ ಹತ್ತಿತು. ರೈಲಿನಲ್ಲಿ ಒಂದು ಗಂಟೆ ಐವತ್ತು ನಿಮಿಷ ದೂರದ ಸಣ್ಣ ಊರಿನಲ್ಲಿ, ಹಿತ್ತಿಲಿರುವ ಒಂದು ಹಳೆಯ ಮನೆ ಹುಡುಕಿ ಕೊಂಡುಕೊಂಡ. ಬೆಳಿಗ್ಗೆ ಆರೂ ಹತ್ತಕ್ಕೆ ಗಾಡಿ, ಮಗು ಎದ್ದಿರುವುದಿಲ್ಲ. ಮನೆ ಸೇರುವುದು ಒಂಬತ್ತರ ಮೇಲೆ, ಅಷ್ಟರಲ್ಲಿ ಮಗು ಮಲಗಿರುತ್ತದೆ.

"ಅವಳ ಮುಖ ಯಾವಾಗ ನೋಡ್ತೀಯೋ?" ಎಂದು ಕೇಳಿದೆ.

"ಅವಳಿಗೆ ಓಡೋಕೆ ಜಾಗ ಬೇಕು ಅಕ್ಕ" ಎಂದ.

ನಾನು ಕೇಳಿದ್ದೊಂದು, ಅವನು ಹೇಳಿದ್ದೊಂದು. ನಾನೂ ಪಟ್ಟು ಹಿಡಿಯಲಿಲ್ಲ. ಆ ಹಿತ್ತಿಲು ನೋಡಿ ನನಗೂ ಆಸೆ ಹುಟ್ಟಿತ್ತು, ಸುಳ್ಳೇಕೆ ಹೇಳಲಿ.

ಸಾಮಾನು ಇಳಿಸಿದ ದಿನವೇ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಆ ಗೆರೆಗಳು ಕಂಡವು. ಬಣ್ಣ ಕಾಣದ ಹಳೆಯ ಮರ. ಅದರ ಮೇಲೆ ಪೆನ್ಸಿಲಿನ ಏಳು ಗೆರೆ, ಒಂದರ ಮೇಲೊಂದು, ಪಕ್ಕದಲ್ಲಿ ತಾರೀಖು ಮತ್ತು ತಿಂಗಳು. ವರ್ಷವಿಲ್ಲ, ಹೆಸರಿಲ್ಲ. ಯಾವುದೋ ಮಗು ಬೆಳೆದ ಗುರುತು. ಏಳನೆಯದು ಮೂರಡಿ ಎಂಟಂಗುಲದಲ್ಲಿತ್ತು, ಅದರ ಮೇಲೆ ಬರೀ ಮರ. ಗುಬ್ಬಿ ತಾನಾಗಿಯೇ ಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆತ್ತಿ ಮೂರನೆಯ ಗೆರೆಗೆ ಕರಾರುವಾಕ್ಕಾಗಿ ಕೂತಿತು. ನಾವೆಲ್ಲ ನಕ್ಕೆವು. ತಮ್ಮನೊಬ್ಬನೇ ನಗದೆ, ಏಳಕ್ಕೇ ಯಾಕೆ ನಿಂತಿತು ಎಂದ.

ಬೀಗದ ಕೈ ಕೊಡಲು ಬಂದಿದ್ದ ಬ್ರೋಕರನನ್ನು ಕೇಳಿದ. ಮನೆ ಮಾರಿದವರನ್ನು ನಾವು ನೋಡಿರಲೇ ಇಲ್ಲ, ಪತ್ರಕ್ಕೆ ಸಹಿ ಹಾಕಲು ಅವರ ನೆಂಟನೊಬ್ಬ ಬಂದಿದ್ದ. ಬ್ರೋಕರ್ ಮುಖ ಸಣ್ಣಗೆ ಮಾಡಿಕೊಂಡು, "ಪಾಪ, ಆ ಮನೆಯವರ ಕಥೆ ಕೇಳಬೇಡಿ ಸಾರ್" ಎಂದು ಸ್ಕೂಟರ್ ಹತ್ತಿದ. ಅವನ ಬಾಯಿಗಿಷ್ಟು ಮಣ್ಣು ಹಾಕ. ಆ ಒಂದು ಮಾತು ನನ್ನ ತಮ್ಮನ ತಲೆ ಹೊಕ್ಕಿತು.

ಆಮೇಲೆ ಭಾನುವಾರ ಬಂದರೆ ಮಗಳನ್ನು ನಿಲ್ಲಿಸಿ ಅಳೆಯುವುದೇ ಕೆಲಸ. ಅವಳು ನಾಲ್ಕನೆಯದನ್ನು ಮುಟ್ಟಿದಳು, ಐದನೆಯದನ್ನು ಮುಟ್ಟಿದಳು. ಮಕ್ಕಳು ಬೆಳೆಯುವುದೇ ಹಾಗೆ, ಅದರಲ್ಲೇನು ವಿಶೇಷ ಎಂದು ನಾನು ಗದರಿದೆ. ಅವನ ಕಿವಿಗೆ ಅದು ಬೀಳಲಿಲ್ಲ. ಆ ಮಗು ಏಳನೆಯ ಗೆರೆಗೇ ತೀರಿಕೊಂಡಿದೆ, ನನ್ನ ಮಗಳು ಅದರ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಿದ್ದಾಳೆ ಎಂಬುದು ಅವನೊಳಗೆ ಗಟ್ಟಿಯಾಗಿತ್ತು. ಗೆರೆಗಳನ್ನು ಉಜ್ಜಿ ಹಾಕುತ್ತೇನೆಂದು ಹೆಂಡತಿ ಮರಳುಕಾಗದ ತಂದರೆ ಬಾಗಿಲಿಗೆ ಅಡ್ಡ ನಿಂತ. ಅಕ್ಕಪಕ್ಕದವರನ್ನು ಕೇಳೋಣವೆಂದರೆ ಅದಕ್ಕೂ ಬಿಡಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಒಂದು ಭಾನುವಾರ ತಿಂಡಿಗೆ ಕೂತಾಗ ಮಗುವಿನ ಮುಂದಿದ್ದ ಹಾಲಿನ ಲೋಟವನ್ನು ತನ್ನ ಕಡೆ ಎಳೆದುಕೊಂಡು, ಅರ್ಧ ಸಾಕು ಎಂದನಂತೆ. ಹೆಂಡತಿ ನನಗೆ ಫೋನ್ ಮಾಡಿ ಅತ್ತಳು. ಮರುವಾರ ಹೋಗಿ ಹಿತ್ತಿಲಲ್ಲಿ ಅವನನ್ನು ಕೂರಿಸಿಕೊಂಡೆ.

"ಅವಳು ಬೆಳೀಬಾರದು ಅನ್ಸುತ್ತೆ ಅಕ್ಕ" ಎಂದ. ತಲೆ ಎತ್ತಲಿಲ್ಲ. "ಭಾನುವಾರ ಬೆಳಿಗ್ಗೆ ಕಣ್ಣು ಬಿಟ್ರೆ ಬಾಗಿಲಲ್ಲಿ ಮಗು ನಿಂತಿರುತ್ತೆ. ಗುಬ್ಬಿನೋ, ಆ ಮಗುನೋ, ಒಂದು ಕ್ಷಣ ಗೊತ್ತೇ ಆಗಲ್ಲ."

ಬೈಯಲು ಬಂದವಳು ಬೈಯದೆ ಎದ್ದೆ.

ಆರನೆಯ ಗೆರೆ ಮುಟ್ಟಿದ ಮೇಲೆ ಅಳೆಯುವುದನ್ನೇ ನಿಲ್ಲಿಸಿದ. ಗುಬ್ಬಿ ಭಾನುವಾರ ತಪ್ಪದೆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಅವನು ಬೇರೆಲ್ಲೋ ನೋಡುತ್ತ, ಮುಂದಿನ ವಾರ ಕಂದ ಎನ್ನುತ್ತಿದ್ದ. ಅಳೆಯಲು ಅವನ ಹೆಂಡತಿಗೂ ಧೈರ್ಯವಿರಲಿಲ್ಲ. ಹೀಗೆ ಎಂಟು ತಿಂಗಳು ಕಳೆಯಿತು. ಮಿಲಿಮೀಟರ್ ಎನಿಸಿಕೊಂಡವನು ಸ್ವಂತ ಮಗಳ ನೆತ್ತಿಯನ್ನು ನೋಡುವುದನ್ನೇ ಬಿಟ್ಟಿದ್ದ.

ಇನ್ನು ಸುಮ್ಮನಿದ್ದರೆ ಆಗದು ಎನಿಸಿತು. ಮನೆಯ ಪತ್ರದಲ್ಲಿ ಹಳೆಯ ಮಾಲೀಕರ ಈಗಿನ ವಿಳಾಸವಿತ್ತು. ನೋಡಿದರೆ ಅದು ನಗರದಲ್ಲೇ, ಇವನ ಲ್ಯಾಬಿನಿಂದ ಎರಡು ಬೀದಿಯಾಚೆ. ಒಂದು ಬುಧವಾರ ಲ್ಯಾಬಿಗೆ ನುಗ್ಗಿ, ಮೇಣದ ದವಡೆಯನ್ನು ಅವನ ಕೈಯಿಂದ ಕೆಳಗಿಡಿಸಿ, ಎಳೆದುಕೊಂಡು ಹೋದೆ. ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟ. ನಾನು ಹತ್ತಿ ಬೆಲ್ ಒತ್ತಿದ ಮೇಲೆ, ತೋಳಿನ ಪ್ಲಾಸ್ಟರ್ ಪುಡಿ ಕೊಡವುತ್ತ ಹಿಂದೆ ಬಂದ.

ಬಾಗಿಲು ತೆರೆದವಳು ನನಗಿಂತ ಗೇಣುದ್ದ ಎತ್ತರದ ಹೆಂಗಸು, ಮೂವತ್ತರ ಆಸುಪಾಸು. ನಾವು ಯಾರೆಂದು ಹೇಳಿ, ಅಡುಗೆಮನೆ ಬಾಗಿಲ ಗೆರೆಗಳು ಯಾರವು ಎಂದು ಕೇಳಿದೆ.

"ನನ್ನವು" ಎಂದು ನಕ್ಕಳು. "ಇನ್ನೂ ಇದಾವಾ?"

ನನಗೆ ತಮ್ಮನನ್ನು ಅಪ್ಪಿಕೊಳ್ಳಬೇಕೆನಿಸಿತು, ಕೆನ್ನೆಗೆ ಎರಡು ಬಿಗಿಯಬೇಕೆಂದೂ ಅನಿಸಿತು. ಅವನು ಮಾತ್ರ, ಹಾಗಾದರೆ ಏಳಕ್ಕೇ ಯಾಕೆ ನಿಂತಿತು ಎಂದು ಮತ್ತೆ ಅದನ್ನೇ ಕೇಳಿದ.

"ಅಪ್ಪ ದಿನಾ ಇಲ್ಲಿಗೆ ಕೆಲಸಕ್ಕೆ ಬರ್ತಿದ್ರು. ಭಾನುವಾರ ಮಾತ್ರ ಮನೇಲಿ ಸಿಗೋರು, ಆವಾಗ ಅಳೀತಿದ್ರು. ಆಮೇಲೆ ಭಾನುವಾರಾನೂ ಡ್ಯೂಟಿ ಬಿತ್ತು. ಮುಂದಿನ ವಾರ, ಮುಂದಿನ ವಾರ ಅಂತಿದ್ರು. ನಾನು ಬೆಳೆದುಬಿಟ್ಟೆ."

ಅವಳಪ್ಪ ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮರೆವಿನ ಕಾಯಿಲೆ. ನಿವೃತ್ತಿಯಾದ ಮೇಲೂ ದಿನಾ ಆರೂ ಹತ್ತರ ಗಾಡಿ ಹತ್ತಿಬಿಡುತ್ತಿದ್ದರಂತೆ. ಎಲ್ಲಿ ಇಳಿಯಬೇಕೆಂದು ತಿಳಿಯದೆ ಕೊನೆಯ ಸ್ಟೇಷನ್ನಿನಲ್ಲಿ ಕೂತಿರುತ್ತಿದ್ದರಂತೆ. ಅದಕ್ಕೇ ಮನೆ ಮಾರಿ ಮಗಳು ಅವರನ್ನು ತನ್ನ ಜೊತೆ ಇಟ್ಟುಕೊಂಡಿದ್ದಳು. ಬ್ರೋಕರ್ ಪಾಪ ಎಂದದ್ದು ಇದಕ್ಕೆ.

ಮುದುಕರು ನನ್ನ ತಮ್ಮನನ್ನು ಹತ್ತಿರ ಕರೆದರು. ಅಂಗೈಯನ್ನು ಗಾಳಿಯಲ್ಲಿ ಅಡ್ಡಲಾಗಿ ಹಿಡಿದು, "ಇಷ್ಟೆತ್ತರದ ಹುಡುಗಿ ಸಾರ್. ನನ್ನ ಮಗಳು. ದಾರೀಲಿ ಎಲ್ಲಾದ್ರೂ ಕಂಡ್ಳಾ?" ಎಂದರು.

ಆ ಎತ್ತರದ ಹೆಂಗಸು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಅವರ ಅಂಗಿಯ ಕಾಲರ್ ಸರಿಮಾಡಿದಳು. ತಮ್ಮ ಆ ಅಂಗೈಯನ್ನೇ ನೋಡುತ್ತಿದ್ದ. "ಮೂರಡಿ ಎಂಟು" ಎಂದ, ತನಗೇ ಹೇಳಿಕೊಂಡಂತೆ.

ಅವನು ಲ್ಯಾಬಿಗೆ ವಾಪಸ್ಸು ಹೋಗಲಿಲ್ಲ. ಯಾರದೋ ಅರ್ಧ ದವಡೆ ಮೇಜಿನ ಮೇಲೇ ಉಳಿಯಿತು. ಮಧ್ಯಾಹ್ನದ ಗಾಡಿಗೆ ಇಬ್ಬರೂ ಹೊರಟೆವು.

ನಾವು ಗೇಟು ತೆಗೆಯುವಾಗ ಗುಬ್ಬಿ ಹಿತ್ತಿಲಲ್ಲಿ ಶಾಲೆಯ ಬಟ್ಟೆಯಲ್ಲೇ ಆಡುತ್ತಿದ್ದಳು. ಬಿಸಿಲು ಇನ್ನೂ ಇತ್ತು. ಅಪ್ಪನನ್ನು ನೋಡಿ ಓಡಿ ಬರಲಿಲ್ಲ, ಇದ್ದಲ್ಲೇ ನಿಂತು ಯೋಚಿಸಿದಳು.

"ಇವತ್ತು ಭಾನುವಾರನಾ?" ಎಂದಳು.

"ಅಲ್ಲ ಕಂದ. ಬುಧವಾರ."

ಅವಳು ನಂಬಲಿಲ್ಲ. ಒಳಗೆ ಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ಅಂಟಿಸಿ, ಉಸಿರು ಹಿಡಿದು ನಿಂತಳು. ತಮ್ಮ ಜೇಬಿನಿಂದ ಪೆನ್ಸಿಲ್ ತೆಗೆದು ಮಂಡಿಯೂರಿದ. ನೆತ್ತಿಯ ಮೇಲೆ ನೇರವಾಗಿ ಗೆರೆ ಎಳೆದ. ಅವಳು ಪಕ್ಕಕ್ಕೆ ಸರಿದ ಮೇಲೆ ನೋಡಿದೆವು. ಹೊಸ ಗೆರೆ ಏಳನೆಯದಕ್ಕಿಂತ ಒಂದು ಬೆರಳು ಮೇಲಿತ್ತು. ಅವಳು ಏಳನೆಯ ಗೆರೆ ದಾಟಿದ ದಿನ ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.