ಭಾವನ ಎಡತೊಡೆ

ಮುರಿದ ಕಾಲಿಗೆ ಹಾಕಿದ್ದ ಆರು ವಾರದ ಪ್ಲಾಸ್ಟರ್ ಬಿಚ್ಚಿದಾಗ ಅಕ್ಕ ಮುಖ ತಿರುಗಿಸಿಕೊಂಡಳು. ನಾನಂತೂ ಮೂಗು ಮುಚ್ಚಿಕೊಂಡೆ. ಮೂವತ್ತು ವರ್ಷ ಜನರ ಮನೆಸಾಮಾನು ಹೊತ್ತ ನಮ್ಮ ಭಾವನ ಎಡತೊಡೆ ಹಿಂಡಿ ಹಾಕಿದ ಬಟ್ಟೆಯಂತೆ ಜೋತಿತ್ತು. ಮೇಲೆ ಹೊಟ್ಟಿನಂತೆ ಸತ್ತ ಚರ್ಮ, ಹಳಸಿದ ವಾಸನೆ.

ವ್ಯಾಯಾಮ ಹೇಳಿಕೊಡುವ ಮೇಡಂ ಮಾತ್ರ ಅದನ್ನು ಒತ್ತಿ ನೋಡಿದರು. “ಸ್ನಾಯು ಅಂದ್ರೆ ಎಳೆಎಳೆ. ಕೆಲಸವಿಲ್ಲದ ಎಳೆಯನ್ನ ಮೈ ಸಾಕೋದಿಲ್ಲ, ತೆಳ್ಳಗೆ ಮಾಡುತ್ತೆ. ಕೆಲಸ ಕೊಟ್ರೆ ಅಲ್ಲಲ್ಲಿ ಸಣ್ಣಗೆ ಹರಿಯುತ್ತೆ, ಉಂಡು ಮಲಗಿದಾಗ ರಿಪೇರಿಯಾಗಿ ದಪ್ಪ ಆಗುತ್ತೆ. ಆತುರ ಬೇಡ.”

ಆತುರ ನಮ್ಮಿಬ್ಬರಿಗೂ ಹೊರುವ ಕೆಲಸ ಕೊಡುವ ಮೇಸ್ತ್ರಿಗಿತ್ತು. “ಎರಡು ತಿಂಗಳು ಟೈಮು. ಬೀರುವಿನ ಕೆಳತುದಿ ಹಿಡಿಯೋಕಾದ್ರೆ ಬಾ. ಇಲ್ಲಾಂದ್ರೆ ಬೇರೆಯವನಿದ್ದಾನೆ,” ಎಂದ, ಹಲ್ಲುಸಂದಿ ಕೆದಕಿ ಬೆರಳು ನೋಡಿಕೊಳ್ಳುತ್ತಾ. ಥೂ! ಕಬ್ಬಿಣದ ಬೀರು ಮೆಟ್ಟಿಲಿಳಿಯುವಾಗ ಭಾರವೆಲ್ಲ ಕೆಳತುದಿಯವನ ಮೇಲೆ. ಆ ಜಾಗ ಯಾವತ್ತೂ ಭಾವನದೇ.

ಮಾರನೆಯ ವಾರ ಭಾವ ಕೋಲೂರಿಕೊಂಡು ನಾಲ್ಕು ಮಹಡಿ ಐದು ಸಲ ಹತ್ತಿ ಇಳಿದರು. “ಬರಿಗೈಲಿ ಇಳಿಯೋದೂ ಒಂದು ಕೆಲಸವೇನೋ? ಅದು ರೆಸ್ಟು!” ಎಂದರು. ನಾನೂ ಮಂಕುದಿಣ್ಣೆ, ಕೆಳಗೆ ನಿಂತು ಹುರಿದುಂಬಿಸಿದೆ. ಮೂರನೆಯ ದಿನ ಅವರಿಗೆ ಕಕ್ಕಸಿನಲ್ಲಿ ಕೂರಲಾಗಲಿಲ್ಲ. ಆ ನಾತದಲ್ಲಿ ಕಂಕುಳಿಗೆ ಕೈಕೊಟ್ಟು ಕೂರಿಸಿದವನು ನಾನು.

“ಯಾರ ಹತ್ರನಾದ್ರೂ ಬಾಯಿ ಬಿಟ್ಟೆಯೋ, ನೋಡು!”

“ಬಾಯೆಲ್ಲಿ ಬಿಡ್ಲಿ ಭಾವ? ಉಸಿರೇ ಬಿಡ್ತಿಲ್ಲ!”

ಮುಂದಿನ ಸಲ ತೊಡೆ ಒತ್ತಿದೊಡನೆ ಮೇಡಂಗೆ ಗೊತ್ತಾಗಿಹೋಯಿತು, ಇಬ್ಬರಿಗೂ ಉಗಿದರು. “ಹತ್ತುವಾಗ ಎಳೆ ಕುಗ್ಗಿ ಎಳೆಯುತ್ತೆ. ಇಳಿಯುವಾಗ ಹಿಗ್ಗುತ್ತಲೇ ಭಾರ ತಡೀಬೇಕು. ಜಾಸ್ತಿ ಹರಿಯೋದೇ ಆಗ. ನೋವು ಗೊತ್ತಾಗೋದು ಒಂದೆರಡು ದಿನ ಬಿಟ್ಟು.”

ಅಲ್ಲಿಂದ ದಿನಬಿಟ್ಟು ದಿನ, ಹತ್ತೇ ಮೆಟ್ಟಿಲು, ಬಸವನಹುಳುವಿನ ಹಾಗೆ. ವಾರಕ್ಕೆ ನಾಲ್ಕು ಮೆಟ್ಟಿಲು ಜಾಸ್ತಿ. ನೋಡಿ ನೋಡಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ತೊಡೆ ಮಾತ್ರ ಮೆಲ್ಲಗೆ ತುಂಬುತ್ತಾ ಬಂತು.

ಎರಡು ತಿಂಗಳಿಗೆ ಸರಿಯಾಗಿ ಮೂರು ಬೀರುಗಳ ಕೆಲಸ ಬಂತು. ಮೇಲ್ತುದಿಗೆ ನಾನು, ಕೆಳತುದಿಗೆ ಭಾವ. ಪ್ರತಿ ಮೆಟ್ಟಿಲಿಗೂ ಎಡಗಾಲು ನಡುಗಿತು, ಆದರೆ ಕುಸಿಯಲಿಲ್ಲ. ಬೀರು ಲಾರಿ ಸೇರಿತು.

“ಭೇಷ್! ಇನ್ನೆರಡಿದೆ, ಮೇಲೆ ಹತ್ತು,” ಎಂದ ಮೇಸ್ತ್ರಿ.

ಭಾವ ಕೆಳಗಿನ ಮೆಟ್ಟಿಲ ಮೇಲೆ ಕೂತರು. “ಇವತ್ತಿಗೆ ಒಂದೇ. ನಾಳೆ ಮಲಗ್ತೀನಿ. ನಾಡಿದ್ದು ಬರ್ತೀನಿ.”

ಮೇಸ್ತ್ರಿ ಅವರ ಕಾಲ ಹತ್ತಿರವೇ ಕ್ಯಾಕರಿಸಿ ಉಗಿದ. “ಹಾಗಾದ್ರೆ ಬೇರೆಯವನನ್ನ ಕರೀತೀನಿ.”

ನನ್ನ ಪಿತ್ತ ನೆತ್ತಿಗೇರಿತು. “ಕರಿ! ಮೇಲ್ತುದಿಗೂ ಒಬ್ಬನನ್ನ ನೋಡ್ಕೋ!” ಎಂದು ಬೀರು ಕಟ್ಟುವ ಹಗ್ಗ ಬಿಸಾಕಿ ಭಾವನ ಪಕ್ಕ ಕೂತೆ.

ಮೇಸ್ತ್ರಿಗೆ ಬೇರೆ ಯಾರೂ ಸಿಗಲಿಲ್ಲ. ಉಳಿದೆರಡು ಬೀರು ನಾವು ಬರುವ ನಾಡಿದ್ದಿನವರೆಗೂ ಮೇಲೆಯೇ ಇದ್ದವು.