ನನ್ನ ಪಾಲಿಗೆ ಬಂದ ಝಡ್

ಬೆಳಗ್ಗೆ ಹಾಲು ಕಾಯಲಿಟ್ಟು ಫೋನ್ ತೆಗೆದೆ ನೋಡಿ, ಅದೇ ತಪ್ಪಾಯಿತು. ಕಾನ್ವೆಂಟ್ ಗೆಳತಿಯರ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದ್ದರು. ಝಡ್ ಅಕ್ಷರವಿರುವ, ಯಾರೂ ಬಳಸದ ಇಂಗ್ಲಿಷ್ ಶಬ್ದಗಳು. ಅರ್ಥ ಹೇಳಿದವರು ಜಾಣರು. ಝಾರ್ಫ್ ಎಂದರೆ ಹಿಡಿಕೆಯಿಲ್ಲದ ಬಿಸಿ ಕಾಫಿ ಬಟ್ಟಲಿಗೆ ತೊಡಿಸುವ ಲೋಹದ ಕವಚ. ಝಾಕ್ಸ್ ಎಂದರೆ ಮನೆ ಮಾಡಿಗೆ ಹೊದಿಸುವ ಕಲ್ಲಿನ ಹಲಗೆ ಕತ್ತರಿಸುವ ಹತಾರ. ಝೆಫರ್, ಪಶ್ಚಿಮದಿಂದ ಬೀಸುವ ಮೆಲುಗಾಳಿ. ಎಲ್ಲವೂ ಗೊತ್ತಿದ್ದವು. ಬರೆಯಲು ಬೆರಳೆತ್ತಿದೆ, ಬರೆಯಲಿಲ್ಲ. ಹಾಲು ಉಕ್ಕಿತು. ಒಲೆ ಒರೆಸಿದೆ. ಮಡಿಚಿಟ್ಟ ಚಾದರಗಳನ್ನು ಬಿಚ್ಚಿ ಮತ್ತೆ ಮಡಿಚಿದೆ. ಇದ್ದಲ್ಲಿ ಇರಲಾಗದ ದಿನಗಳು ನಿಮಗೂ ಬರುತ್ತವಲ್ಲ, ಅಂಥದ್ದು.

ಹುಬ್ಬಳ್ಳಿಯ ನಮ್ಮ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಪ್ರತಿ ಹುಡುಗಿಗೂ ಒಂದು ಅಕ್ಷರ ಹಂಚಿದ್ದರು. ವರ್ಷವಿಡೀ ಆ ಅಕ್ಷರದ ಶಬ್ದ ಕೂಡಿಸಬೇಕು. ಹಾಜರಿಯಲ್ಲಿ ನನ್ನದು ಕೊನೆಯ ಹೆಸರು, ಹಾಗಾಗಿ ಕೊನೆಯ ಅಕ್ಷರ. ಉಳಿದವರು ವಾರದಲ್ಲಿ ಪುಟ ತುಂಬಿಸಿದರು, ನಾನು ಅತ್ತೆ. ಆಮೇಲೆ ಹಟಕ್ಕೆ ಬಿದ್ದು ನಿಘಂಟಿನ ತಳ ಕೆದಕಿದೆ. ಮನೆಯಲ್ಲಿ ಕುಂಬಳಕಾಯಿ ಹೆಚ್ಚುವಾಗಲೂ ನನ್ನ ತಲೆಯಲ್ಲಿ ಇಂಥ ಶಬ್ದಗಳೇ ಓಡಾಡುತ್ತಿದ್ದವು. ಅವುಗಳಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ.

ಮದುವೆಯಾಗಿ ಧಾರವಾಡದ ಸಪ್ತಾಪುರಕ್ಕೆ ಬಂದಾಗ ಉಪಯೋಗ ಸಿಕ್ಕಿತು, ಅಥವಾ ಸಿಗಬಹುದಿತ್ತು. ಮಾವನವರು ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳ ಕರಡು ತಿದ್ದಿ ನಿವೃತ್ತರಾದವರು. ಮಧ್ಯಾಹ್ನದ ಚಹಾ ಆದ ಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಶಬ್ದ ಮಾಡುವ ಆಟಕ್ಕೆ ನನ್ನನ್ನು ಕರೆಯುತ್ತಿದ್ದರು. ಅವರದೊಂದು ಕಟ್ಟಳೆ: ಶಬ್ದ ಇಟ್ಟವರು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು, ಇಲ್ಲದಿದ್ದರೆ ಅಂಕವಿಲ್ಲ. ಪಕ್ಕದ ಮಣೆಯ ಮೇಲೆ, ಬೆನ್ನಿಗೆ ಅರಿವೆ ಅಂಟಿಸಿದ ನಿಘಂಟು.

ಮೊದಲ ದಿನ ನಾನು ಮುಂದಿದ್ದೆ. ಅಡಿಗೆಮನೆಗೆ ನೀರು ಕುಡಿಯಲು ಹೋದಾಗ ಅತ್ತೆಯವರು ಮೆತ್ತಗೆ ಕೇಳಿದರು: “ಮಾವನ್ನ ಗೆದ್ದು ಎಲ್ಲೆ ಇಡಾಕಿ? ಜಾಗಾ ಐತೇನು ಮನ್ಯಾಗ?”

ಅಂದಿನಿಂದ ಸೋಲತೊಡಗಿದೆ. ಅದೂ ಅಳತೆಯಿಟ್ಟು, ಸೋತದ್ದು ಸೋತಂತೆ ಕಾಣಬಾರದಲ್ಲ. ಝಡ್ ಬಂದರೆ ‘ಝೂ’ ಎಂದಿಟ್ಟು ಪ್ರಾಣಿಸಂಗ್ರಹಾಲಯ ಕಟ್ಟುತ್ತಿದ್ದೆ, ಇಲ್ಲವೇ ಬಿಲ್ಲೆಯನ್ನು ಚೀಲಕ್ಕೆ ಮರಳಿಸಿ, “ಇದರ ಕೂಡ ಏನೂ ಆಗವಲ್ದರಿ” ಎನ್ನುತ್ತಿದ್ದೆ. “ಇರ್ಲಿ ಬಿಡು ತಂಗಿ, ತೊಡಕಿನ ಅಕ್ಷರ ಅದು” ಎಂದು ಅವರು ಸಮಾಧಾನ ಮಾಡುವರು. ಹೀಗೆ ನಾಲ್ಕು ವರ್ಷ. ನನ್ನ ಈ ಒಳ್ಳೆಯತನದ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು, ಸುಳ್ಳೇಕೆ.

ಆಗ ಓಣಿಯಾಚೆಯ ಸಣ್ಣ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಅರ್ಜಿ ಕೊಟ್ಟೆ. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ, ಉಡುವ ಎರಡು ಸೀರೆಗೆ ಗಂಜಿ ಹಾಕಿ ಇಟ್ಟಿದ್ದೆ. ಗೇಟಿನ ಸದ್ದಾದರೆ ಅಂಚೆಯವನೆಂದು ಹೊರಗೋಡುವೆ, ನೋಡಿದರೆ ಸೊಪ್ಪಿನವಳು.

ಒಂದು ಸಂಜೆ ಮಾವನವರು ಬಿಲ್ಲೆ ಹಂಚುತ್ತ ಖುಷಿಯಿಂದ ಹೇಳಿದರು: “ನಿನ್ನೆ ವಾಕಿಂಗಿನ್ಯಾಗ ಆ ಸಾಲಿ ಹೆಡ್‌ಬಾಯಾರು ಸಿಕ್ಕಿದ್ರು. ನಿಮ್ಮ ಸೊಸಿ ಇಂಗ್ಲಿಷ್ ಹೆಂಗೈತ್ರಿ ಅಂದ್ರು. ಹುಡುಗಿ ಭಾಳ ಛಲೋ, ಇಂಗ್ಲಿಷ್ ಸಾಧಾರಣ, ಕಲಿತಾಳ ಅಂದೆ. ಖರೇ ಹೇಳಬೇಕಲ್ಲ? ನೀ ಚಿಂತಿ ಮಾಡಬ್ಯಾಡ, ನಾ ತಯಾರ ಮಾಡ್ತೇನಿ ನಿನ್ನ.”

ನನ್ನ ಕೈಯಲ್ಲಿ ಝಡ್ ಇತ್ತು. ನಾಲ್ಕು ಬಿಲ್ಲೆ ಇಟ್ಟೆ. “ಅಡ್ಜ್. ಅಂದ್ರ ಬಾಚಿ ರೀ. ಬಡಿಗ್ಯಾರು ಕಟಗಿ ಕೆತ್ತೋದು.”

ಅವರು ನಿಘಂಟು ತೆರೆದು ಬೆರಳಿಟ್ಟು ಓದಿದರು. ಕನ್ನಡಕ ಮೇಲೇರಿಸಿದರು. “ಇದು ಈಗ ಹೊಳೀತೇನು?”

“ಇಲ್ರಿ. ಸಾಲ್ಯಾಗಿಂದ ಗೊತ್ತೈತ್ರಿ.”

“ಮತ್ತ ಇಷ್ಟ ದಿನ?”

ಅಡಿಗೆಮನೆಯಿಂದ ಅತ್ತೆಯವರೇ ಉತ್ತರಿಸಿದರು: “ಮಾವನ್ನ ಹೆಂಗ ಸೋಲಿಸ್ತಾಳ್ರಿ ಅಕಿ?”

ಮಾವನವರು ನಿಘಂಟು ಮುಚ್ಚಿದರು. “ಅಂದ್ರ ನಾಲ್ಕ ವರ್ಷ ಕೂಸಿಗೆ ಆಡಿಸಿದಂಗ ಆಡಿಸಿದಿ ನನ್ನ” ಎಂದು ಟೊಪ್ಪಿಗೆ ಇಟ್ಟುಕೊಂಡು ಹೊರಟೇಬಿಟ್ಟರು. ಚಪ್ಪಲಿಯ ಸದ್ದು ಓಣಿಯ ತಿರುವಿನವರೆಗೂ ಕೇಳಿತು. ನಾನು ಪಡಸಾಲೆಯಿಂದ ಗೇಟಿಗೆ, ಗೇಟಿನಿಂದ ಪಡಸಾಲೆಗೆ ಎಷ್ಟು ಸಲ ನಡೆದೆನೋ. ತುಳಸಿಗೆ ಎರಡು ಸಲ ದೀಪ ಹಚ್ಚಿದೆನೆಂದು ಅತ್ತೆ ಆಮೇಲೆ ಹೇಳಿದರು.

ಅವರು ಮರಳಿ ಬಂದು ಕಾಲು ತೊಳೆದು ಕೂತರು. “ಹೆಡ್‌ಬಾಯಾರ ಕಡೆ ಹೋಗಿದ್ದೆ. ಇವತ್ತ ಮಧ್ಯಾಹ್ನನ ಬ್ಯಾರೆಯವರ್ನ ತಗೊಂಡ್ರಂತ.” ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, “ನಾ ಕಂಡದ್ದು ಹೇಳಿದೆ ತಂಗಿ. ನೀ ಕಾಣಗೊಡಲಿಲ್ಲ.”

ಆಮೇಲೆ ನಾವು ಸರಿಯಾಗಿಯೇ ಆಡಿದೆವು. ಅವರು ಹೆಚ್ಚಾಗಿ ಸೋಲುತ್ತಿದ್ದರು, ಚಹಾ ತಣ್ಣಗಾಗಿದೆಯೆಂದು ಸಿಡುಕುತ್ತಿದ್ದರು, ಮರುದಿನ ಎರಡು ಗಂಟೆಗೇ ಬೋರ್ಡ್ ಬಿಚ್ಚಿಡುತ್ತಿದ್ದರು. ಮಗ ಹುಟ್ಟಿದ, ನಾನು ಮತ್ತೆ ಅರ್ಜಿ ಹಾಕಲಿಲ್ಲ. ಅವರ ಮೇಲೆ ಸಿಟ್ಟಾಗೋಣವೆಂದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತೆಯ ಮೇಲೆ ಎಂದರೆ, ಅವರು ಕೇಳಿದ್ದು ಒಂದೇ ಒಂದು ಪ್ರಶ್ನೆ. ಕೊನೆಗೆ ಸಿಟ್ಟು ನನ್ನಲ್ಲೇ ಉಳಿಯಿತು. ಇವತ್ತು ಬೆಳಗ್ಗೆ ಹಾಲುಕ್ಕಿದ ಪಾತ್ರೆಗೆ ಅದು ಗೊತ್ತು, ತಳ ಹೊಳೆಯುವಂತೆ ತಿಕ್ಕಿದ್ದೇನೆ.

ಈಗ ನಾವಿರುವುದು ರಾಯಾಪುರದಲ್ಲಿ. ಮಗನ ಮದುವೆಯಾಗಿ ವರ್ಷವಾಯಿತು. ಊಟವಾದ ಮೇಲೆ ಸೊಸೆ ದೀಪಾ ಕೇರಂ ಹಾಕಿದಳು. ರಜೆಯ ಮಧ್ಯಾಹ್ನ ನಮ್ಮಿಬ್ಬರದು ಅದೇ ರೂಢಿ, ಪ್ರತಿ ಸಲ ನಾನೇ ಗೆಲ್ಲುವುದೂ ರೂಢಿ. ಇವತ್ತು ಅವಳ ಬೆರಳನ್ನೇ ನೋಡಿದೆ. ಸ್ಟ್ರೈಕರ್ ನೇರ ಹೋಗಿ, ಕೆಂಪು ಬಿಲ್ಲೆಗೆ ಉಗುರಿನಷ್ಟು ಅಂತರದಲ್ಲಿ ಹಾದುಹೋಯಿತು. ಕಲಿಯದ ಕೈಗೆ ಅಷ್ಟು ಚಂದ ತಪ್ಪಲು ಬರುವುದಿಲ್ಲ.

ನನ್ನ ಸರದಿ ಆಡದೆ ಸ್ಟ್ರೈಕರನ್ನು ಅವಳ ಕಡೆಗೇ ತಳ್ಳಿದೆ. “ದೀಪಾ, ಖರೇ ಆಡು.”

“ಖರೇನ ಆಡಾಕತ್ತೇನ್ರಿ ಅತ್ತಿ.”

“ನೋಡವಾ, ನಾಳಿ ಯಾರರ ನಿನ್ನ ಬಗ್ಗೆ ನನ್ನ ಕೇಳಿದ್ರ, ನಾ ಕಂಡದ್ದನ್ನ ಹೇಳಾಕಿ.”

ಅವಳು ನನ್ನ ಮುಖ ನೋಡಿದಳು. ನಗಲಿಲ್ಲ. ಬಲಗೈ ಬಳೆಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕೆಂಪು ಬಿಲ್ಲೆ ಮೂಲೆ ಸೇರಿತು. ಅದರ ಬೆನ್ನಿಗೇ ಒಂದು ಬಿಳಿ, ಇನ್ನೊಂದು ಬಿಳಿ. ನಾನು ಕಾಲು ಮಡಿಚಿ, ಗೋಡೆಗೆ ಒರಗಿ ಕೂತೆ. ನನ್ನ ಸರದಿ ಬರಲೇ ಇಲ್ಲ. ಬರಲೆಂದು ನನಗೂ ಅವಸರವಿರಲಿಲ್ಲ.